ಬಲಗೈ, ಮಣಿಕಟ್ಟಿನವರೆಗೆ

ಸ್ವಾತ್ ಕಣಿವೆಯ ಪುಟ್ಟ ಮ್ಯೂಸಿಯಮ್ಮಿನ ಹಿಂದೆ
ಉಗ್ರಾಣದ ಮೂರನೇ ಕಪಾಟು, ಕೆಳಗಿನ ಖಾನೆಯಲ್ಲಿ
ಕೈಗಳಿವೆ.
ಬರೀ ಕೈಗಳು.
ಹತ್ತಿಯ ಮೇಲೆ ಒಂದರ ಪಕ್ಕ ಒಂದು,
ಹೆರಿಗೆ ಆಸ್ಪತ್ರೆಯ ಕೂಸುಗಳ ಹಾಗೆ,
ಚೀಟಿ ಕಟ್ಟಿಸಿಕೊಂಡು.

ಬೀಗದ ಕೈ ಇರುವುದು ಬಖ್ತ್ ಜಮೀನನ ಬಳಿ.
ಅದೊಂದಕ್ಕೆ ಚೀಟಿಯಿಲ್ಲ.

ಹೆಸರಲ್ಲೇ ಜಮೀನು. ಇದ್ದ ಜಮೀನು
ಅಪ್ಪನ ಕಾಲಕ್ಕೇ ಹೋಯಿತು.
ಈರುಳ್ಳಿ ಮಡಿಗೆ ನೀರು ತಿರುವುತ್ತಿದ್ದವನ ಗುದ್ದಲಿಗೆ
ಠಣ್ ಎಂದಿತು ಏನೋ.
ಕೆದಕಿದರೆ ಬೆರಳು. ಒಂದಲ್ಲ, ಐದು.
ಹೆಣ ಎಂದುಕೊಂಡು ಮಣ್ಣು ಮುಚ್ಚಿ
ಮನೆಗೆ ಬಂದು ಕೈ ತೊಳೆದ, ಮತ್ತೆ ತೊಳೆದ,
ರಾತ್ರಿಯೆಲ್ಲ ಮಗ್ಗುಲು ಬದಲಿಸಿದ.
ಬೆಳಗಾಗೆದ್ದು ಅಗೆದರೆ, ಕಲ್ಲು.
ಬೂದಿ ಬಣ್ಣದ ತಣ್ಣನೆ ಕಲ್ಲು,
ಉಗುರಿನ ಅಂಚನ್ನೂ ಬಿಡದೆ ಕಡೆದದ್ದು.

ಆಮೇಲೆ ಜೀಪು ಬಂತು, ಗೂಟ ಬಂತು, ತಂತಿಬೇಲಿ ಬಂತು,
ಪರಿಹಾರ ಬರಲಿದೆ ಎಂಬ ಕಾಗದ ಬಂತು.
ಹದಿನಾಲ್ಕು ವರ್ಷ ಕಾದ ಮೇಲೆ
ಮಗನಿಗೆ ಕೆಲಸ ಬಂತು:
ಧೂಳು ಒರೆಸುವುದು, ಬೀಗ ಹಾಕುವುದು.
ಹೊಲ ತಿಂದ ಕೈಯೇ ರೊಟ್ಟಿ ಕೊಡುತ್ತಿದೆ
ಎನ್ನುತ್ತಾನೆ, ನಗುತ್ತಲೋ ಏನೋ,
ಮೀಸೆಯಲ್ಲಿ ತಿಳಿಯುವುದಿಲ್ಲ.

ಬಲ್ಲವರು ಬರುತ್ತಾರೆ, ಬಿಳಿ ಕೈಗವಸು ತೊಟ್ಟು.
ಇಟಲಿಯಿಂದ ಬಂದಾಕೆ ಬೆರಳು ಮೇಲೆ ಮಾಡಿ ಹಿಡಿದಳು:
ಅಭಯ. ಹೆದರಬೇಡ ಎನ್ನುತ್ತಿದೆ.
ಲಾಹೋರಿನ ಮೇಷ್ಟ್ರು ಅದನ್ನೇ ತಲೆಕೆಳಗು ಮಾಡಿದರು:
ವರದ. ಇಕೋ, ತಗೋ ಎನ್ನುತ್ತಿದೆ.
ಕೊಲಂಬೊದಿಂದ ಬಂದಿದ್ದ ಮುದಿ ಭಿಕ್ಷು
ಮಾತಾಡದೆ ನೆಲಕ್ಕೆ ಕೂತು
ಕಲ್ಲಿನ ಅಂಗೈಯನ್ನು ಒಳಮುಖ ತಿರುಗಿಸಿ
ತನ್ನ ಮಂಡಿಯ ಮೇಲಿಂದ ಇಳಿಬಿಟ್ಟ.
ಭೂಮಿಯೇ, ನೀನು ಸಾಕ್ಷಿ.

ಮೈ ಕಳೆದುಕೊಂಡ ಕೈಗೆ
ಮೇಲು ಯಾವುದು, ಕೆಳಗು ಯಾವುದು?
ಕೈ ಅದೇ.
ಉಳಿದದ್ದು ತಿರುವಿದವರ ಕೈವಾಡ.
ರಿಜಿಸ್ಟರಿನಲ್ಲಿ ಮಾತ್ರ ಇಷ್ಟೇ ಇದೆ:
ಬಲಗೈ, ಮಣಿಕಟ್ಟಿನವರೆಗೆ. ಮುದ್ರೆ ತಿಳಿಯದು.

ಮುದ್ರೆಗಳ ಹೆಸರೆಲ್ಲ ಬಖ್ತ್ ಜಮೀನನಿಗೆ ಬಾಯಿಪಾಠ.
ಅವನು ಬಲ್ಲ ಕೈಗಳು ಬೇರೆ.
ತಂದೂರಿನ ಬಾಯಿಗೆ ಅಂಗೈ ಹಿಡಿದು
ಕಾವು ಓದುವ ಬಸ್ಮೀನಾಳ ಕೈ.
ಚೆಕ್‌ಪೋಸ್ಟಿನಲ್ಲಿ ಲಾರಿ ತಡೆಯುವ ಸಿಪಾಯಿಯ ಕೈ,
ಕಲ್ಲಿನಲ್ಲಿ ಕಡೆದರೆ ಅದೂ ಅಭಯವೇ,
ಎದುರು ನಿಂತವನ ಎದೆ ಮಾತ್ರ ಡವಡವ.
ಹೊಳೆ ಉಕ್ಕಿದ ವರ್ಷ ಸೇತುವೆಯ ಕೆಳಗೆ
ಒಂದು ಕೈ. ಬೆರಳು ಮೇಲಿದ್ದವು.
ಅಷ್ಟು ಹೇಳಿ ಚಹಾ ಸೋಸಲು ಎದ್ದುಹೋಗುತ್ತಾನೆ.

ಮತ್ತೆ, ಕೋರ್ಟಿನಲ್ಲಿ ಅಪ್ಪನ ಕೈ.
ಹೊಲ ನಿನ್ನದೆಂಬುದಕ್ಕೆ ಸಾಕ್ಷಿ ಯಾರು ಎಂದರೆ
ಬಾಗಿಲಾಚೆ, ಗುಡ್ಡದಾಚೆ, ಹೊಲದ ಕಡೆಗೇ ಚಾಚಿದ.
ಗುಮಾಸ್ತ ನಕ್ಕ. ವಾಯಿದೆ ಬಿತ್ತು.
ಮುಂದಿನ ವಾಯಿದೆಗೆ ಅಪ್ಪ ಇರಲಿಲ್ಲ.
ಗೋರಿಗೆ ಹಾಕಿದ ಮೂರು ಹಿಡಿ ಮಣ್ಣು
ವಾರವಿಡೀ ಮಗನ ಉಗುರಲ್ಲಿತ್ತು.

ತಿಂಗಳಿಗೊಮ್ಮೆ, ಶುಕ್ರವಾರದ ನಮಾಜು ಮುಗಿಸಿ,
ತಂತಿಯ ಸಂದಿಯಲ್ಲಿ ತೋಳು ತೂರಿಸಿ
ಹಳೆ ಹೊಲದ ಮಣ್ಣು ತರುತ್ತಾನೆ, ಕರವಸ್ತ್ರದಲ್ಲಿ.
ಖಾನೆ ಎಳೆದು, ಕಲ್ಲಿನ ಬೆರಳ ತುದಿಗೆ
ಚಿಟಿಕೆಯಷ್ಟು ಉದುರಿಸುತ್ತಾನೆ,
ಸಾರಿಗೆ ಉಪ್ಪು ಹಾಕಿದ ಹಾಗೆ.
ಕಾಯುತ್ತಾನೆ.
ನೆಲ ಗುಡುಗುವುದಿಲ್ಲ.
ಪಟವಾರಿಯ ಕಡತ ಅಲುಗುವುದಿಲ್ಲ.
ಬೀಗ ಹಾಕುತ್ತಾನೆ.

ಪೇಶಾವರದಿಂದ ಸನೋಬರ್ ಬರುತ್ತಾಳೆ,
ಒಂಟೆಕೂದಲ ಕುಂಚ ಹಿಡಿದು,
ಒಂದೊಂದೇ ಕೈ ಎತ್ತಿ, ಗುಡಿಸಿ, ಸಿಡುಕಿ:
"ಕಾಕಾ, ಖಾನೆಯಲ್ಲಿ ಮೂವತ್ತೊಂದು ಕೈಗಳಿವೆ.
ಇದೊಂದಕ್ಕೇ ಧೂಳು ಎಲ್ಲಿಂದ ಬರುತ್ತೆ?"

ಅವನು ಕಿಟಕಿಯತ್ತ ಕೈ ಮಾಡುತ್ತಾನೆ.

ಕಿಟಕಿ ಮುಚ್ಚಿದೆ.